‘ಸಾಲ್ತಿಚಿಖಾ’ ಎಂದು ಹರಿದಾಡುತ್ತಿರುವ ಈ ಭಾವಚಿತ್ರ ನಿಜಕ್ಕೂ ಯಾರದು?

ಮಸಿಕುಡಿಕೆ:
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದ ಪತ್ರಿಕೆಗೆ ಹದಿನೆಂಟನೆಯ ಶತಮಾನದ ರಷ್ಯದ ಜಮೀನುದಾರಿಣಿ ದಾರ್ಯಾ ಸಾಲ್ತಿಕೋವಾ ಕುರಿತು ಒಂದು ಲೇಖನ ಬಂದಿದೆ. ತನ್ನ ಜೀತದಾಳುಗಳನ್ನು ಹೊಡೆದು ಬಡಿದು ಕೊಂದು, ‘ಸಾಲ್ತಿಚಿಖಾ’ ಎಂಬ ಅಡ್ಡಹೆಸರಿನಿಂದ ಕುಖ್ಯಾತಳಾದವಳು. ಲೇಖನ ಚೆನ್ನಾಗಿದೆ, ತಕರಾರಿಲ್ಲ. ಅದರ ಜೊತೆ ಲೇಖಕರು ಒಂದು ತೈಲಚಿತ್ರದ ಪ್ರತಿಯನ್ನೂ ಕಳುಹಿಸಿದ್ದಾರೆ. ಅವಳ ಬಗ್ಗೆ ಇರುವ ಯೂಟ್ಯೂಬ್ ವಿಡಿಯೊಗಳಲ್ಲಿ ಪದೇ ಪದೇ ಕಾಣುವ ಚಿತ್ರವೇ ಅದು, ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಡಿಬರಹದಲ್ಲಿ ಚಿತ್ರಕಾರನ ಹೆಸರು ಮತ್ತು ವರ್ಷ ಹಾಕಬೇಕೆಂದು ಹುಡುಕಲು ಹೊರಟರೆ ಒಂದು ಕಡೆ ‘ಅಜ್ಞಾತ ರಷ್ಯನ್ ಕಲಾವಿದ’ ಎಂದಿದೆ, ಇನ್ನೊಂದು ಕಡೆ ರೊಕೊತೊವ್ ಎಂದಿದೆ, ಮತ್ತೊಂದರಲ್ಲಿ ಫ್ರೆಂಚ್ ಹೆಸರು. ಇದನ್ನು ಬರೆದವರು ಯಾರು? ಚಿತ್ರದಲ್ಲಿರುವುದು ಅವಳೇನಾ? ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ, ತಿಳಿದವರು ಹೇಳಿ.

ರಜೆಯ ಓದುಗ:
ಚಿತ್ರವನ್ನು ಮೊಬೈಲ್‌ನಲ್ಲಿ ಹುಡುಕಾಟಕ್ಕೆ ಹಾಕಿ ನೋಡಿದೆ. ಬಂದ ಫಲಿತಾಂಶಗಳಲ್ಲಿ ಬಹುಪಾಲು ‘ಸಾಲ್ತಿಚಿಖಾ’ ಎಂದೇ ಹೇಳುತ್ತಿವೆ. ಇಷ್ಟು ಜನ ಒಂದೇ ಮಾತು ಹೇಳುವಾಗ ಅನುಮಾನ ಯಾಕೆ?

ಹೊಂಗೆ ನೆರಳು:
ನನಗಂತೂ ಅನುಮಾನವಿಲ್ಲ. ಆ ಕಣ್ಣುಗಳನ್ನು ನೋಡಿ. ಮೇಲುನೋಟಕ್ಕೆ ನಾಜೂಕು, ಒಳಗೆ ತಣ್ಣನೆಯ ಕ್ರೌರ್ಯ. ತುಟಿಯ ಆ ಬಿಗಿತ ಸುಮ್ಮನೆ ಬರುವುದಿಲ್ಲ. ಚಿತ್ರಕಾರ ಹೆದರುತ್ತಲೇ ಬರೆದಿರಬೇಕು. ನಾನು ಈ ಚಿತ್ರವನ್ನು ಮೊದಲು ನೋಡಿದಾಗ ಅವಳ ಕಥೆ ಗೊತ್ತಿರಲಿಲ್ಲ, ಆಗಲೇ ಮೈ ಜುಂ ಎಂದಿತ್ತು.

ಕಡತಪ್ರಿಯ:
ಹೊಂಗೆಯವರೇ, ಆ ಕಣ್ಣುಗಳ ಒಡತಿ ಯಾರನ್ನೂ ಕೊಂದವಳಲ್ಲ. ಅವಳು ಬೇರೆ ದಾರ್ಯಾ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ಗೊಂದಲ ರಷ್ಯದಲ್ಲೂ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಸಾಲ್ತಿಕೋವ್ ಎಂಬುದು ದೊಡ್ಡ ಮನೆತನ, ಹಲವು ಕವಲುಗಳಿದ್ದವು. ಒಂದು ಕವಲಿಗೆ ಸೊಸೆಯಾಗಿ ಬಂದವಳು ದಾರ್ಯಾ ನಿಕೊಲಾಯೆವ್ನಾ, ಹುಟ್ಟಿದ್ದು 1730ರಲ್ಲಿ. ಗಂಡ ಗ್ಲೆಬ್ ಸಾಲ್ತಿಕೋವ್ ಕುದುರೆ ಗಾರ್ಡ್ ಪಡೆಯ ಅಧಿಕಾರಿ. ಅವಳಿಗೆ ಸುಮಾರು ಇಪ್ಪತ್ತಾರು ವರ್ಷವಿದ್ದಾಗ ಅವನು ತೀರಿಕೊಂಡ. ಮಾಸ್ಕೋದಲ್ಲಿ ಮನೆ, ಊರಿನ ಹೊರಗೆ ತ್ರೋಯಿತ್ಸ್ಕೊಯೆ ಎಂಬ ಜಮೀನು, ಸುಮಾರು ಆರುನೂರು ಜೀತದಾಳುಗಳು. ಇವಳೇ ನಿಮ್ಮ ಲೇಖನದ ನಾಯಕಿ.

ಇನ್ನೊಂದು ಕವಲಿಗೆ ಬಂದವಳು ದಾರ್ಯಾ ಪೆತ್ರೋವ್ನಾ, ತವರಿನಲ್ಲಿ ಚೆರ್ನಿಶೇವಾ, ಹುಟ್ಟಿದ್ದು 1739ರಲ್ಲಿ. ತಂದೆ ಕೌಂಟ್ ಪ್ಯೋತರ್ ಚೆರ್ನಿಶೇವ್ ರಷ್ಯದ ರಾಯಭಾರಿಯಾಗಿ ಬರ್ಲಿನ್, ಲಂಡನ್, ಪ್ಯಾರಿಸ್‌ಗಳಲ್ಲಿ ಇದ್ದವನು. ತಂಗಿ ನತಾಲ್ಯಾ ಗೊಲಿತ್ಸಿನಾ ಮುಂದೆ ಪುಷ್ಕಿನ್‌ನ ‘ಇಸ್ಪೀಟಿನ ರಾಣಿ’ಯ ಮುದುಕಿಗೆ ಮಾದರಿಯಾದವಳು. ದಾರ್ಯಾ ಪೆತ್ರೋವ್ನಾಳ ಗಂಡ ಫೀಲ್ಡ್ ಮಾರ್ಷಲ್ ಇವಾನ್ ಸಾಲ್ತಿಕೋವ್.

ನೀವು ಹಾಕಲು ಹೊರಟಿರುವುದು ಈ ಎರಡನೆಯವಳ ಚಿತ್ರ. ಫ್ರಾನ್ಸಿನ ಫ್ರಾಂಸ್ವಾ ಯೂಬೇರ್ ದ್ರುವೆ 1762ರಲ್ಲಿ ಬರೆದದ್ದು. ಅಂದರೆ ನೀವು ಕಂಡ ಮೂರು ಹೆಸರುಗಳಲ್ಲಿ ಫ್ರೆಂಚ್ ಹೆಸರಿನವರ ಮಾತೇ ಸರಿ.

ನಿಕೊಲಾಯೆವ್ನಾಳದು ಎಂದು ಖಚಿತವಾಗಿ ಹೇಳಬಹುದಾದ ಒಂದು ಭಾವಚಿತ್ರವೂ ತಿಳಿದಿಲ್ಲ. ಹಾಗಾಗಿ ಹೆಸರು ಹುಡುಕಿದವರಿಗೆ ಸಿಕ್ಕ ದಾರ್ಯಾ ಸಾಲ್ತಿಕೋವಾ ಇವಳೇ. ಪಿತೃನಾಮವನ್ನು, ಅಂದರೆ ತಂದೆಯ ಹೆಸರಿನಿಂದ ಬರುವ ನಿಕೊಲಾಯೆವ್ನಾ, ಪೆತ್ರೋವ್ನಾ ಎಂಬ ನಡುಹೆಸರನ್ನು, ಯಾರೂ ನೋಡಲಿಲ್ಲ.

ರಜೆಯ ಓದುಗರಿಗೆ ಒಂದು ಮಾತು: ಮೊಬೈಲ್ ಹುಡುಕಾಟ ಹೇಳುವುದು ಯಾವ ಹೆಸರು ಹೆಚ್ಚು ಬಾರಿ ಆ ಚಿತ್ರದ ಪಕ್ಕದಲ್ಲಿದೆ ಎಂಬುದನ್ನು. ಅದು ಸಾಕ್ಷಿಗಳ ಸಂಖ್ಯೆ ಅಲ್ಲ, ಒಬ್ಬನೇ ಸಾಕ್ಷಿಯ ಪ್ರತಿಧ್ವನಿ.

ಮಸಿಕುಡಿಕೆ:
ಇದು ಗೊತ್ತಿದ್ದರೆ ಎಷ್ಟು ಒಳ್ಳೆಯದಿತ್ತು! ಲೇಖಕರು ಚಿತ್ರದ ವರ್ಣನೆಗೇ ಒಂದು ಪ್ಯಾರಾ ಇಟ್ಟಿದ್ದಾರೆ.

ಹೊಂಗೆ ನೆರಳು:
ಕಡತಪ್ರಿಯರೇ, ನೀವು ಹೇಳಿದ್ದನ್ನು ಒಪ್ಪಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಬೇಕು. ಇಬ್ಬರೂ ಒಂದೇ ಕಾಲದವರು, ಒಂದೇ ವರ್ಗದವರು, ಒಂದೇ ಹೆಸರಿನವರು. ಚಿತ್ರದಲ್ಲಿರುವುದು ಪೆತ್ರೋವ್ನಾ, ನಿಕೊಲಾಯೆವ್ನಾ ಅಲ್ಲ ಎಂದು ಹೇಗೆ ಹೇಳುತ್ತೀರಿ? ಇಬ್ಬರಲ್ಲಿ ಒಬ್ಬರಿಗೆ ಭಾವಚಿತ್ರ ಇಲ್ಲ ಎಂದ ಮೇಲೆ ಇದೇ ಅವಳದೇಕೆ ಆಗಿರಬಾರದು? ಒಳ್ಳೆಯ ಮನೆತನದವರು ತಮ್ಮ ಸೊಸೆಯ ಚಿತ್ರಕ್ಕೆ ಇನ್ನೊಬ್ಬ ಸೊಸೆಯ ಹೆಸರು ಕೊಟ್ಟು ಮುಚ್ಚಿಟ್ಟಿರಲೂಬಹುದು.

ಎಣ್ಣೆಬಣ್ಣ:
ಪ್ರಶ್ನೆ ಸರಿಯಾಗಿದೆ. ಕಡತ ಮುಚ್ಚಿಟ್ಟು ಚಿತ್ರವನ್ನಷ್ಟೇ ಹಿಡಿದು ನೋಡೋಣ.

ಮೊದಲು ಕೈ. ಇದು ಪ್ಯಾರಿಸ್‌ನ ಕೈ. ದ್ರುವೆ ಲೂಯಿ ಹದಿನೈದನೆಯವನ ಆಸ್ಥಾನದ ಮೆಚ್ಚಿನ ಭಾವಚಿತ್ರಕಾರ. ಕಸೂತಿ ಚೌಕಟ್ಟಿನ ಮುಂದೆ ಕೂತ, ರಾಜನ ಪ್ರೇಯಸಿ ಮದಾಮ್ ದ ಪೊಂಪದೂರ್ ಚಿತ್ರ ಇವನದೇ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮದಾಮ್ ದ್ಯು ಬಾರಿಯನ್ನೂ ಬರೆದ. ಚರ್ಮವನ್ನು ಪಿಂಗಾಣಿಯ ನುಣುಪಿಗೆ ತರುವುದು, ಕೆನ್ನೆಗೆ ಆ ಕಾಲದ ಫ್ರೆಂಚ್ ಪದ್ಧತಿಯಂತೆ ಗುಲಾಬಿ ಹಚ್ಚುವುದು, ಉಡುಗೆಯ ಬಟ್ಟೆಯನ್ನು ಮುಖಕ್ಕಿಂತ ಹೆಚ್ಚು ಪ್ರೀತಿಯಿಂದ ಬರೆಯುವುದು, ಇವು ಅವನ ಗುರುತು. ಹೊಂಗೆಯವರಿಗೆ ತಣ್ಣಗೆ ಕಂಡದ್ದು ಈ ನುಣುಪೇ ಎಂದು ನನ್ನ ಊಹೆ. ಪೊಂಪದೂರ್ ಕೂಡ ಅವನ ಕುಂಚದಲ್ಲಿ ಹಾಗೆಯೇ ತಣ್ಣಗಿದ್ದಾಳೆ.

ಇನ್ನು ಕಾಲ ಮತ್ತು ಸ್ಥಳ. ದ್ರುವೆಯ ಮುಂದೆ ಕೂರಬೇಕಾದರೆ ಪ್ಯಾರಿಸ್‌ನಲ್ಲಿರಬೇಕು. 1760ರ ದಶಕದ ಆರಂಭದಲ್ಲಿ ಚೆರ್ನಿಶೇವ್ ಅಲ್ಲೇ ರಾಯಭಾರಿ, ಮಗಳು ಅವನ ಜೊತೆ. ಇತ್ತ ನಿಕೊಲಾಯೆವ್ನಾ ಮಾಸ್ಕೋದಲ್ಲಿ ಎರಡು ಮಕ್ಕಳ ವಿಧವೆ. 1762ರಲ್ಲಿ ಅವಳಿಗೆ ಬೇರೆಯೇ ತಲೆನೋವು ಶುರುವಾಗಿತ್ತು, ಅದನ್ನು ಕಡತಪ್ರಿಯರು ಹೇಳಲಿ.

ಕಡತಪ್ರಿಯ:
ಹೇಳುತ್ತೇನೆ. ಅದೇ 1762ರಲ್ಲಿ ಅವಳ ಇಬ್ಬರು ಜೀತದಾಳುಗಳು, ಸವೇಲಿ ಮಾರ್ತಿನೊವ್ ಮತ್ತು ಯೆರ್ಮೊಲಾಯ್ ಇಲ್ಯಿನ್, ಆಗಷ್ಟೇ ಪಟ್ಟಕ್ಕೇರಿದ ಎರಡನೆಯ ಕ್ಯಾಥರೀನಳಿಗೆ ದೂರು ಮುಟ್ಟಿಸಿದರು. ಇಲ್ಯಿನ್‌ನ ಹೆಂಡತಿಯರನ್ನು ಒಬ್ಬರಾದ ಮೇಲೊಬ್ಬರನ್ನು ಅವಳು ಕೊಂದಿದ್ದಳು. ಅದಕ್ಕೂ ಮೊದಲು ಹೋಗಿದ್ದ ದೂರುಗಳಿಗೆ ಆದ ಗತಿ ಏನೆಂದರೆ, ದೂರು ಕೊಟ್ಟವರಿಗೇ ಶಿಕ್ಷೆ. ಈ ಬಾರಿ ತನಿಖೆ ನಿಲ್ಲಲಿಲ್ಲ, ಆರು ವರ್ಷ ನಡೆಯಿತು. ಮೂವತ್ತೆಂಟು ಸಾವುಗಳು ಅವಳ ಮೇಲೆ ರುಜುವಾತಾದವು, ಆರೋಪ ಅದಕ್ಕಿಂತ ಹೆಚ್ಚಿಗೆ ಇತ್ತು. 1768ರಲ್ಲಿ ಕೆಂಪು ಚೌಕದ ಕಟ್ಟೆಯ ಮೇಲೆ, ಕೊರಳಿಗೆ ‘ಹಿಂಸಕಿ, ಕೊಲೆಗಾರ್ತಿ’ ಎಂಬ ಫಲಕ ತೂಗುಹಾಕಿ ಒಂದು ಗಂಟೆ ನಿಲ್ಲಿಸಿದರು. ಆಮೇಲೆ ಇವಾನೊವ್ಸ್ಕಿ ಕನ್ಯಾಮಠದ ನೆಲಮಾಳಿಗೆ, ಹನ್ನೊಂದು ವರ್ಷ ಬೆಳಕಿಲ್ಲದೆ. ಮುಂದೆ ಅದೇ ಮಠದ ಕಲ್ಲಿನ ಕೋಣೆಗೆ ಬದಲಾಯಿಸಿದರು. 1801ರಲ್ಲಿ ಅಲ್ಲೇ ಸತ್ತಳು.

ಶಿಕ್ಷೆಯ ಒಂದು ಭಾಗ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅವಳ ಕುಲೀನ ಸ್ಥಾನವನ್ನು ಕಿತ್ತುಕೊಂಡರು. ತಂದೆಯ ಮನೆತನದ ಹೆಸರನ್ನಾಗಲಿ ಗಂಡನ ಮನೆತನದ ಹೆಸರನ್ನಾಗಲಿ ಬಳಸುವಂತಿಲ್ಲ ಎಂದು ಆಜ್ಞೆಯಾಯಿತು. ಅಂಥವಳ ಚಿತ್ರ ಒಂದು ವೇಳೆ ಇದ್ದರೂ ಅದನ್ನು ಪಡಸಾಲೆಯಲ್ಲಿ ತೂಗುಹಾಕಿಕೊಳ್ಳುವ ನೆಂಟರು ಯಾರು? ಚಿತ್ರಗಳು ಉಳಿಯುವುದು ಅವನ್ನು ಇಟ್ಟುಕೊಳ್ಳಲು ಒಂದು ಮನೆ ಇದ್ದಾಗ.

ಇನ್ನೊಂದು ವಿಚಿತ್ರ ನೋಡಿ. ತನಿಖೆ ನಡೆದು ಶಿಕ್ಷೆಯಾದ ಕಾಲಕ್ಕೆ ಮಾಸ್ಕೋದ ಮುಖ್ಯಾಧಿಕಾರಿಯಾಗಿದ್ದವನು ಪ್ಯೋತರ್ ಸೆಮ್ಯೊನೊವಿಚ್ ಸಾಲ್ತಿಕೋವ್. 1759ರಲ್ಲಿ ಕುನೆರ್ಸ್‌ಡಾರ್ಫ್‌ನಲ್ಲಿ ಪ್ರಷ್ಯದ ಫ್ರೆಡರಿಕ್‌ನನ್ನು ಸೋಲಿಸಿದ ದಂಡನಾಯಕ. ಅವನೇ ನಮ್ಮ ದಾರ್ಯಾ ಪೆತ್ರೋವ್ನಾಳ ಮಾವ. ಮಾವನ ಆಡಳಿತದಲ್ಲಿ ಕಟ್ಟೆ ಹತ್ತಿದವಳ ಜಾಗದಲ್ಲಿ ಇನ್ನೂರೈವತ್ತು ವರ್ಷಗಳ ಮೇಲೆ ಸೊಸೆಯ ಮುಖವನ್ನು ನಿಲ್ಲಿಸಿದ್ದೇವೆ.

ಎಣ್ಣೆಬಣ್ಣ:
ಅದಕ್ಕೆ ಇದನ್ನೂ ಸೇರಿಸಿ. ಚಿತ್ರ ಬರೆಸಿಕೊಂಡಾಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಆಗ ಅವಳು ಕೌಂಟೆಸ್ ಚೆರ್ನಿಶೇವಾ. ಸಾಲ್ತಿಕೋವಾ ಆದದ್ದು ಆಮೇಲೆ. ಚಿತ್ರಗಳನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ಹೆಣ್ಣುಮಕ್ಕಳನ್ನು ಕೊನೆಯ ಮದುವೆಯ ಹೆಸರಿನಲ್ಲೇ ದಾಖಲಿಸುತ್ತಾರೆ, ಪಕ್ಕದಲ್ಲಿ ‘ಹುಟ್ಟು ಹೆಸರು ಇಂಥದ್ದು’ ಎಂದಿರುತ್ತದೆ. ನಕಲು ಮಾಡುವವರು ಆ ಬಾಲವನ್ನು ಕತ್ತರಿಸಿ ಬಿಸಾಡುತ್ತಾರೆ. ‘ಚೆರ್ನಿಶೇವಾ’ ಎಂದು ಮೊದಲಿನಿಂದಲೂ ಬರೆದಿದ್ದರೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲ.

ಹೊಂಗೆ ನೆರಳು:
ಸರಿ, ಪ್ಯಾರಿಸ್‌ನ ಮಾತು ಗಟ್ಟಿಯಾಗಿದೆ. ಆದರೆ ಎಲ್ಲ ಚಿತ್ರಗಳಿಗೂ ಇಂಥ ಅನುಕೂಲ ಇರುವುದಿಲ್ಲವಲ್ಲ. ರಷ್ಯದಲ್ಲೇ, ರಷ್ಯನ್ ಕಲಾವಿದನೇ ಬರೆದ, ಹೆಸರಿಲ್ಲದ ಹೆಂಗಸಿನ ಚಿತ್ರ ಸಿಕ್ಕರೆ ಏನು ಮಾಡುತ್ತಾರೆ? ಅಲ್ಲಿ ಮುಖವನ್ನು ಬಿಟ್ಟು ಬೇರೆ ಏನಿದೆ?

ಮಸಿಕುಡಿಕೆ:
ನನಗೂ ಅದೇ ಕುತೂಹಲ. ರೊಕೊತೊವ್ ಹೆಸರು ಯಾಕೆ ಬಂತು ಎಂಬುದನ್ನೂ ಹೇಳಿ ಮೇಡಂ.

ಎಣ್ಣೆಬಣ್ಣ:
ರೊಕೊತೊವ್ ಹೆಸರು ಬರುವುದಕ್ಕೆ ಕಾರಣ ಸೋಮಾರಿತನ. ಹದಿನೆಂಟನೆಯ ಶತಮಾನ, ಮಾಸ್ಕೋ, ಹೆಂಗಸು ಎಂದ ಕೂಡಲೇ ನಾಲಗೆಗೆ ಬರುವ ಹೆಸರು ಅದು. ಫ್ಯೋದರ್ ರೊಕೊತೊವ್ ತನ್ನ ಚಿತ್ರಗಳಿಗೆ ಸಹಿ ಹಾಕಿದ್ದು ತೀರಾ ವಿರಳ, ಹಾಗಾಗಿ ಯಾರು ಬೇಕಾದರೂ ಅವನ ತಲೆಗೆ ಏನನ್ನಾದರೂ ಕಟ್ಟಬಹುದು. ಆದರೆ ಅವನ ಕೈ ಒಮ್ಮೆ ಕಣ್ಣಿಗೆ ಕೂತರೆ ದ್ರುವೆಯ ಜೊತೆ ಬೆರೆಯುವುದು ಕಷ್ಟ. 1770ರ ದಶಕದ ಅವನ ಮಾಸ್ಕೋ ಚಿತ್ರಗಳಲ್ಲಿ ಮುಖ ಮಬ್ಬಿನೊಳಗಿನಿಂದ ಮೇಲೆ ಬರುತ್ತದೆ. ಅಂಚುಗಳು ಕರಗುತ್ತವೆ. ನೆರಳಿನ ಕಡೆ ಬಣ್ಣ ಎಷ್ಟು ತೆಳು ಎಂದರೆ ಕೆಳಗಿನ ಬೆಚ್ಚನೆಯ ತಳಬಣ್ಣ ಹಾಗೇ ಇಣುಕುತ್ತದೆ. ಬಟ್ಟೆಯನ್ನು ಎರಡು ಬೀಸಿನಲ್ಲಿ ಮುಗಿಸುತ್ತಾನೆ. ಅಲ್ಲದೆ ಆ ಚಿತ್ರಗಳ ಕಾಲಕ್ಕೆ ಸಾಲ್ತಿಚಿಖಾ ನೆಲಮಾಳಿಗೆಯಲ್ಲಿದ್ದಳು. ಅಲ್ಲಿಗೆ ಯಾವ ಚಿತ್ರಕಾರ ಹೋಗುತ್ತಾನೆ?

ಆ ಕಾಲದ ಉಳಿದ ರಷ್ಯನ್ ಚಿತ್ರಕಾರರ ಕೈಗಳನ್ನೂ ಹೀಗೆ ಬೇರ್ಪಡಿಸಬಹುದು. ಅಂತ್ರೊಪೊವ್‌ನಲ್ಲಿ ಇನ್ನೂ ಚರ್ಚಿನ ಪ್ರತಿಮಾಚಿತ್ರಗಳ ಗಡಸುತನ ಉಳಿದಿದೆ, ಕೆನ್ನೆ ಕೆಂಪಗೆ, ಮುಖ ದುಂಡಗೆ, ಎದುರಿಗೇ ನೋಡುವ ನೋಟ. ಲೆವಿತ್ಸ್ಕಿ ಸ್ಯಾಟಿನ್ ಬರೆದರೆ ಕೈಯಿಟ್ಟು ಮುಟ್ಟಬೇಕು ಎನಿಸುತ್ತದೆ, ಸ್ಮೋಲ್ನಿ ವಿದ್ಯಾಲಯದ ಹುಡುಗಿಯರ ಏಳು ಚಿತ್ರಗಳ ಸಾಲಿನಲ್ಲಿ ಅದನ್ನು ನೋಡಬಹುದು. ಬೊರೊವಿಕೊವ್ಸ್ಕಿಯ ಹೊತ್ತಿಗೆ, ಅಂದರೆ 1790ರ ದಶಕಕ್ಕೆ, ಫ್ಯಾಷನ್ನೇ ಬದಲಾಗಿದೆ. ಪುಡಿ ಹಚ್ಚಿದ ಕೂದಲಿನ ಗೋಪುರ ಹೋಗಿ ಬಿಡಿ ಗುಂಗುರು ಬಂದಿದೆ, ಬಿಗಿ ಕವಚದ ಬದಲು ಎತ್ತರದ ಸೊಂಟದ ಬಿಳಿ ಉಡುಗೆ, ತೋಳಿನ ಮೇಲೆ ಶಾಲು, ಹಿಂದೆ ಗಿಡಮರ.

ಅಂದರೆ ಮುಖಕ್ಕಿಂತ ಮೊದಲು ಕೂದಲನ್ನು ನೋಡಬೇಕು. ಕೂದಲು ಸುಳ್ಳು ಹೇಳುವುದು ಕಡಿಮೆ. 1750ರ ದಶಕದಲ್ಲಿ ತಲೆಗೆ ಅಂಟಿದಂತೆ ಬಾಚಿದ್ದು 70ರ ದಶಕದಲ್ಲಿ ಮೇಲೆದ್ದು, 80ರಲ್ಲಿ ಅಗಲವಾಗಿ ಹರಡಿ, 90ರಲ್ಲಿ ಇಳಿಯುತ್ತದೆ. ಚಿತ್ರದ ದಶಕ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಕಡತಪ್ರಿಯ:
ಕೂದಲಾದ ಮೇಲೆ ಎದೆ. ತಪ್ಪು ತಿಳಿಯಬೇಡಿ, ನಾನು ಹೇಳುತ್ತಿರುವುದು ಎದೆಯ ಮೇಲಿನ ಲಾಂಛನಗಳ ಬಗ್ಗೆ. ರಷ್ಯದ ಆಸ್ಥಾನದಲ್ಲಿ ಹೆಂಗಸರಿಗೂ ದರ್ಜೆಗಳಿದ್ದವು. ಹಿರಿಯ ‘ಸ್ತಾತ್ಸ್ ದಾಮಾ’ಗಳು ವಜ್ರ ಸುತ್ತಿದ ಮಹಾರಾಣಿಯ ಕಿರುಚಿತ್ರವನ್ನು ಧರಿಸುತ್ತಿದ್ದರು. ಕಿರಿಯ ‘ಫ್ರೇಲಿನಾ’ಗಳಿಗೆ ನೀಲಿ ರಿಬ್ಬನ್ನಿನ ಮೇಲೆ ಮಹಾರಾಣಿಯ ಹೆಸರಿನ ವಜ್ರದ ಅಂಕಿತ. ಇದಲ್ಲದೆ ಸೇಂಟ್ ಕ್ಯಾಥರೀನ್ ಪದವಿ. 1714ರಲ್ಲಿ ಮಹಾ ಪೀಟರ್ ಹೆಂಗಸರಿಗೆಂದೇ ಸ್ಥಾಪಿಸಿದ್ದು. ಯಾರಿಗೆ ಯಾವ ವರ್ಷ ಯಾವ ಲಾಂಛನ ಬಂತು ಎಂಬುದಕ್ಕೆ ಆಸ್ಥಾನದ ದಾಖಲೆ ಇರುತ್ತದೆ. ಚಿತ್ರದಲ್ಲಿ ಲಾಂಛನ ಇದ್ದರೆ ಅಭ್ಯರ್ಥಿಗಳ ಪಟ್ಟಿ ನೂರಾರರಿಂದ ಬೆರಳೆಣಿಕೆಗೆ ಇಳಿಯುತ್ತದೆ. ಎಷ್ಟೋ ಬಾರಿ ‘ಕೌಂಟೆಸ್ ಇಂಥವಳು’ ಎಂದು ಮನೆಯವರು ಹೇಳಿಕೊಂಡು ಬಂದ ಚಿತ್ರ ಬಿದ್ದುಹೋಗುವುದೂ ಇಲ್ಲೇ. ಆ ಕೌಂಟೆಸ್‌ಗೆ ಆ ಪದವಿ ಬಂದೇ ಇರುವುದಿಲ್ಲ.

ಆದರೆ ಎಚ್ಚರ. ಚಿತ್ರ ಬರೆದು ಹತ್ತು ವರ್ಷದ ಮೇಲೆ ಬಡ್ತಿ ಸಿಕ್ಕರೆ ಹಳೆಯ ಚಿತ್ರಕ್ಕೇ ಹೊಸ ಲಾಂಛನ ಬರೆಸಿಕೊಳ್ಳುತ್ತಿದ್ದರು. ಆಗ ಕೂದಲು ಒಂದು ವರ್ಷ ಹೇಳುತ್ತದೆ, ರಿಬ್ಬನ್ನು ಇನ್ನೊಂದು.

ರಜೆಯ ಓದುಗ:
ಆಸ್ಥಾನದ ಬಡ್ತಿ ಸಿಕ್ಕಿದ ಮೇಲೆ ಹಳೆಯ ಫೋಟೊ ತಿದ್ದಿಸುವ ಚಾಳಿ ಆಗಲೇ ಇತ್ತು ಎನ್ನಿ.

ಮಾಸ್ಕೋ ಮಳೆ:
ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಇಲ್ಲಿ ವೈದ್ಯಕೀಯ ಓದುತ್ತಿದ್ದೇನೆ, ಚಿತ್ರಕಲೆ ನನ್ನ ವಿಷಯವಲ್ಲ. ಆದರೆ ಲವ್ರುಶಿನ್ಸ್ಕಿ ಓಣಿಯ ತ್ರೆತ್ಯಕೊವ್ ಗ್ಯಾಲರಿ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂಬ ಕಾರಣಕ್ಕೆ ಹೋಗಿ ರೊಕೊತೊವ್‌ನ ಕೋಣೆಗೆ ಅಂಟಿಕೊಂಡವನು. ಹೊಂಗೆಯವರು ‘ಮುಖವನ್ನು ಬಿಟ್ಟು ಏನಿದೆ’ ಎಂದು ಕೇಳಿದರಲ್ಲ, ಅದಕ್ಕೆ ಆ ಕೋಣೆಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ.

ಅಲ್ಲಿನ ಹೆಸರಾಂತ ಚಿತ್ರ ಅಲೆಕ್ಸಾಂದ್ರಾ ಸ್ತ್ರುಯ್‌ಸ್ಕಾಯಾಳದು, 1772ರದು. ಅವಳಿಗೆ ಆಗ ಹದಿನೆಂಟು, ಹೊಸದಾಗಿ ಮದುವೆಯಾದವಳು. ಗಂಡ ನಿಕೊಲಾಯ್ ಸ್ತ್ರುಯ್‌ಸ್ಕಿ ರುಜಾಯೆವ್ಕಾ ಎಂಬ ಹಳ್ಳಿಯ ಜಮೀನುದಾರ, ಕೆಟ್ಟ ಕವಿ. ತನ್ನ ಕವಿತೆಗಳನ್ನು ತಾನೇ ಅಚ್ಚು ಹಾಕಿಸಲು ಹಳ್ಳಿಯಲ್ಲಿ ಮುದ್ರಣಾಲಯವನ್ನೇ ಇಟ್ಟಿದ್ದ, ಪುಸ್ತಕಗಳ ಅಚ್ಚು ಮಾತ್ರ ಬಹಳ ಸೊಗಸು. ರೊಕೊತೊವ್‌ನ ಭಕ್ತ.

ಅದೇ ಮನೆಯಿಂದ ಬಂದ ಇನ್ನೊಂದು ಚಿತ್ರ ‘ಮೂರು ಮೂಲೆಯ ಟೋಪಿಯ ಅಪರಿಚಿತ’. ಮುಖವಾಡದ ಕುಣಿತಕ್ಕೆ ಹೊರಟಂತೆ ಕರಿಯ ಮೇಲಂಗಿ, ತಲೆಗೆ ಟೋಪಿ, ಎಳೆಯ ಗಂಡಸಿನ ಮೃದು ಮುಖ. ನೋಡಿದವರಿಗೆಲ್ಲ ‘ಇದೇನೋ ಹೆಣ್ಣಿನ ಮುಖದ ಹಾಗಿದೆಯಲ್ಲ’ ಎನಿಸುತ್ತಿತ್ತು. ಕ್ಷ-ಕಿರಣ ಹಾಯಿಸಿದಾಗ ಕೆಳಗೆ ಹೆಂಗಸಿನ ಉಡುಗೆ ಕಂಡಿತು! ಮುಖವನ್ನು ಮುಟ್ಟಿಲ್ಲ, ಉಡುಗೆಯನ್ನು ಮಾತ್ರ ಮುಚ್ಚಿ ಗಂಡಸಿನ ವೇಷ ಹಾಕಿಸಿದ್ದಾರೆ.

ಅವಳು ಯಾರು ಎಂಬುದಕ್ಕೆ ಹೇಳುವ ಒಂದು ಉತ್ತರ, ಸ್ತ್ರುಯ್‌ಸ್ಕಿಯ ಮೊದಲ ಹೆಂಡತಿ ಒಲಿಂಪಿಯಾದಾ ಬಾಲ್ಕ್. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವಳು. ಎರಡನೆಯ ಹೆಂಡತಿ ಮನೆಗೆ ಬಂದ ಮೇಲೆ ಮೊದಲನೆಯವಳ ಚಿತ್ರ ಗೋಡೆಯ ಮೇಲಿರುವುದು ಸರಿಯಲ್ಲ, ತೆಗೆದು ಬಿಸಾಡಲೂ ಮನಸ್ಸಿಲ್ಲ, ಆದ್ದರಿಂದ ವೇಷ ಬದಲಾಯಿಸಿದರು ಎಂಬ ವಾದ.

ಹೊಂಗೆ ನೆರಳು:
ಅದ್ಭುತ! ಹಾಗಾದರೆ ಕ್ಷ-ಕಿರಣದಿಂದ ಹೆಸರು ಸಿಕ್ಕಿತಲ್ಲ.

ಎಣ್ಣೆಬಣ್ಣ:
ಇಲ್ಲ, ಇಲ್ಲ. ಕ್ಷ-ಕಿರಣ ಹೇಳಿದ್ದು ಕೆಳಗೆ ಹೆಣ್ಣುಡುಗೆ ಇದೆ ಎಂದಷ್ಟೇ. ಮಿಕ್ಕದ್ದೆಲ್ಲ ನಾವು ಕಟ್ಟಿದ್ದು. ಬಾಲ್ಕ್ ಕಥೆ ನನಗೂ ಇಷ್ಟ. ಅಷ್ಟು ಇಷ್ಟವಾಗುವುದರಿಂದಲೇ ನಾನು ಅದನ್ನು ಸುಲಭವಾಗಿ ನಂಬುವುದಿಲ್ಲ. ಹೆಂಡತಿಯ ನೆನಪು, ಎರಡನೆಯವಳ ಮುನಿಸು, ಕವಿಯ ಹೃದಯ, ಎಲ್ಲ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿವೆ. ಒಂದೇ ಮನೆಯಿಂದ ಬಂದ ಚಿತ್ರ ಎಂಬುದು ಮನೆಯವರ ಪಟ್ಟಿಯನ್ನು ಮುಂದಿಡುತ್ತದೆ, ಅದರಲ್ಲಿ ಯಾರೆಂದು ಬೆರಳು ಮಾಡುವುದಿಲ್ಲ. ರಷ್ಯದ ಎಲಿಜಬೆತ್ ಮಹಾರಾಣಿಯ ಕಾಲದಲ್ಲಿ ಗಂಡಸರು ಹೆಂಗಸರ ಉಡುಗೆಯಲ್ಲೂ ಹೆಂಗಸರು ಗಂಡಸರ ಉಡುಗೆಯಲ್ಲೂ ಬರಬೇಕಾದ ಕುಣಿತಗಳು ನಡೆಯುತ್ತಿದ್ದವು, ಮಹಾರಾಣಿಗೆ ಗಂಡುಡುಗೆ ಚೆನ್ನಾಗಿ ಒಪ್ಪುತ್ತಿತ್ತು ಎಂಬುದೇ ಕಾರಣ. ಆ ನೆನಪಿನಲ್ಲಿ ಯಾರೋ ತಮ್ಮದೇ ಚಿತ್ರಕ್ಕೆ ವೇಷ ಹಾಕಿಸಿಕೊಂಡಿರಬಹುದು. ಸಂಗ್ರಹಾಲಯ ಇಂದಿಗೂ ‘ಅಪರಿಚಿತ’ ಎಂದೇ ಫಲಕ ಇಟ್ಟಿದೆಯಲ್ಲ, ಅದು ಅವರಿಗೆ ಕಥೆ ಗೊತ್ತಿಲ್ಲದೆ ಅಲ್ಲ.

ಮಾಸ್ಕೋ ಮಳೆ:
ಹೌದು, ಫಲಕ ಹಾಗೇ ಇದೆ. ನನಗೆ ಮಾತ್ರ ಬಾಲ್ಕ್ ಕಥೆ ಬಿಟ್ಟುಕೊಡಲು ಮನಸ್ಸಿಲ್ಲ ಮೇಡಂ. ಮುಖ ಮುಟ್ಟದೆ ಬಿಟ್ಟಿದ್ದಾರೆ ಎಂಬುದೊಂದು ಸಾಕ್ಷಿಯಲ್ಲವೇ? ಯಾರೋ ಆ ಮುಖವನ್ನು ಉಳಿಸಿಕೊಳ್ಳಬೇಕೆಂದೇ ಬಯಸಿದ್ದಾರೆ.

ಎಣ್ಣೆಬಣ್ಣ:
ಮುಖವನ್ನು ಉಳಿಸಿಕೊಳ್ಳಲು ಬಯಸಿದವರಿದ್ದರು ಎಂಬುದಕ್ಕೆ ಸಾಕ್ಷಿ. ಯಾರ ಮುಖ ಎಂಬುದಕ್ಕಲ್ಲ. ಇದೇ ಮನೆಯಲ್ಲಿ ಇನ್ನೊಂದು ತೊಡಕೂ ಇದೆ. ಸ್ತ್ರುಯ್‌ಸ್ಕಿ ತನ್ನ ಜೀತದಾಳು ಝ್ಯಾಬ್ಲೊವ್‌ನನ್ನು ರೊಕೊತೊವ್ ಬಳಿ ಕಲಿಯಲು ಬಿಟ್ಟಿದ್ದ. ಗುರುವಿನ ಕೈ ಮತ್ತು ಮನೆಯಲ್ಲೇ ಇದ್ದ ಶಿಷ್ಯನ ಕೈ, ಎರಡೂ ಒಂದೇ ಗೋಡೆಯ ಮೇಲೆ. ರಷ್ಯದ ದೊಡ್ಡ ಮನೆಗಳಲ್ಲಿ ಇದು ಸಾಮಾನ್ಯ. ಶೆರೆಮೆತೆವ್‌ರ ಮನೆಯ ಇವಾನ್ ಅರ್ಗುನೊವ್ ಸ್ವತಃ ಜೀತದಾಳು, ಆದರೂ ಆ ಕಾಲದ ಒಳ್ಳೆಯ ಭಾವಚಿತ್ರಕಾರರಲ್ಲಿ ಒಬ್ಬ. ಒಂದು ಚಿತ್ರಕ್ಕೆ ನಾಲ್ಕು ಪ್ರತಿ ಮಾಡಿಸಿ ಬೇರೆ ಬೇರೆ ಊರಿನ ಮನೆಗಳಲ್ಲಿ ತೂಗುಹಾಕುವ ಕೆಲಸವೂ ಇಂಥವರದೇ.

ರಜೆಯ ಓದುಗ:
ಕಂಪ್ಯೂಟರ್‌ನಿಂದ ಮುಖಗಳನ್ನು ಹೋಲಿಸಬಹುದಲ್ಲ? ನಿಶ್ಚಿತವಾಗಿ ಗೊತ್ತಿರುವ ಚಿತ್ರದ ಜೊತೆ ಗೊತ್ತಿಲ್ಲದ್ದನ್ನು ಇಟ್ಟು?

ಎಣ್ಣೆಬಣ್ಣ:
ಫೋಟೊಗಳಿಗೆ ಸರಿ. ಪಿಯೆತ್ರೊ ರೊತಾರಿಯ ಚಿತ್ರಗಳಿಗೆ ಹಾಕಿ ನೋಡಿ. ಎಲಿಜಬೆತ್ ಕರೆಸಿಕೊಂಡ ಇಟಾಲಿಯನ್, 1756ರಲ್ಲಿ ಬಂದು 1762ರಲ್ಲಿ ಪೀಟರ್ಸ್‌ಬರ್ಗಿನಲ್ಲೇ ತೀರಿಕೊಂಡ. ಪೀಟರ್‌ಹೋಫ್ ಅರಮನೆಯ ಒಂದು ಕೋಣೆಯ ಗೋಡೆಗಳಿಗೆ ಅವನ 368 ಹೆಣ್ಣುಮುಖಗಳನ್ನು ನೆಲದಿಂದ ಮೇಲಿನವರೆಗೆ ಜೋಡಿಸಿದ್ದಾರೆ. ನಗುವವರು, ನಿದ್ರಿಸುವವರು, ಓದುವವರು, ಬೀಸಣಿಗೆಯ ಹಿಂದೆ ಅಡಗಿದವರು. ಅವು ಯಾರ ಭಾವಚಿತ್ರವೂ ಅಲ್ಲ, ಭಾವಗಳ ಚಿತ್ರ. ಅವುಗಳ ಪ್ರತಿಗಳಿಗೂ ‘ರಷ್ಯದ ರಾಜಕುಮಾರಿ ಇಂಥವಳು’ ಎಂದು ಹೆಸರಿಟ್ಟು ಹಂಚುವವರಿದ್ದಾರೆ. ಎಲ್ಲ ಮುಖಕ್ಕೂ ಅದೇ ಬಾದಾಮಿ ಕಣ್ಣು, ಅದೇ ಗಲ್ಲ. ನಿಮ್ಮ ಯಂತ್ರ ಹೋಲಿಸುವುದು ರೊತಾರಿಯನ್ನು ರೊತಾರಿಯ ಜೊತೆ.

ಕಡತಪ್ರಿಯ:
ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಚಿತ್ರದ ಹಿಂಬದಿ ಮತ್ತು ಅದು ಕೈಬದಲಾದ ದಾರಿ. ಲೆವಿತ್ಸ್ಕಿ 1778ರಲ್ಲಿ ಬರೆದ ಮರಿಯಾ ದ್ಯಾಕೊವಾಳ ಚಿತ್ರದ ಹಿಂದೆ ಫ್ರೆಂಚ್ ರಾಯಭಾರಿ ಸೆಗ್ಯೂರ್ ಅವಳನ್ನು ಹೊಗಳಿ ಬರೆದ ಸಾಲುಗಳಿವೆ. ಬೊರೊವಿಕೊವ್ಸ್ಕಿಯ ಮರಿಯಾ ಲೊಪುಖಿನಾ, 1797ರದು, ಕುಟುಂಬದಿಂದ ಆಚೆ ಹೋಗಲೇ ಇಲ್ಲ. ಅವಳ ತಮ್ಮನ ಮಗಳ ಮನೆಯಿಂದ ನೇರವಾಗಿ ಗ್ಯಾಲರಿಯ ಸ್ಥಾಪಕ ಪಾವೆಲ್ ತ್ರೆತ್ಯಕೊವ್ ಕೊಂಡುಕೊಂಡ. ಲೊಪುಖಿನಾ ಚಿತ್ರ ಬರೆಸಿ ಕೆಲವೇ ವರ್ಷಗಳಲ್ಲಿ ಕ್ಷಯದಿಂದ ತೀರಿಕೊಂಡಿದ್ದರಿಂದ, ಅದನ್ನು ನೋಡಿದ ಮದುವೆಯಾಗದ ಹುಡುಗಿಯರು ಸಾಯುತ್ತಾರೆ ಎಂಬ ಪುಕಾರು ಹಬ್ಬಿತ್ತು. ಹೆಸರಿನ ಬಗ್ಗೆ ಮಾತ್ರ ಯಾವ ಪುಕಾರೂ ಇಲ್ಲ.

ದಾರಿ ತುಂಡಾದದ್ದು 1917ರ ಕ್ರಾಂತಿಯಲ್ಲಿ. ಅದಕ್ಕೂ ಮೊದಲು, 1905ರಲ್ಲಿ, ದ್ಯಾಗಿಲೆವ್ ಹಳ್ಳಿ ಹಳ್ಳಿಯ ಜಮೀನು ಮನೆಗಳನ್ನು ಸುತ್ತಿ ಭಾವಚಿತ್ರಗಳನ್ನು ಒಟ್ಟುಗೂಡಿಸಿ ಪೀಟರ್ಸ್‌ಬರ್ಗಿನ ತವ್ರೀದಾ ಅರಮನೆಯಲ್ಲಿ ದೊಡ್ಡ ಪ್ರದರ್ಶನ ಮಾಡಿದ. ಮುಂದೆ ರಷ್ಯನ್ ಬ್ಯಾಲೆಯಿಂದ ಹೆಸರಾದನಲ್ಲ, ಅವನೇ. ಅದೇ ವರ್ಷದಿಂದ 1909ರವರೆಗೆ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ಮಿಖಾಯ್ಲೊವಿಚ್ ರಷ್ಯನ್ ಭಾವಚಿತ್ರಗಳ ಐದು ಸಂಪುಟಗಳನ್ನು ಹೊರತಂದ. ಈ ಎರಡು ಕೆಲಸ ಆಗದೇ ಹೋಗಿದ್ದರೆ ಎಷ್ಟೋ ಮುಖಗಳಿಗೆ ಇಂದು ಹೆಸರೇ ಇರುತ್ತಿರಲಿಲ್ಲ. 1917ರ ನಂತರ ಮನೆಗಳು ಸುಟ್ಟವು, ಉಳಿದ ಚಿತ್ರಗಳನ್ನು ರಾಶಿ ಹಾಕಿ ಸಂಗ್ರಹಾಲಯಗಳಿಗೆ ಹಂಚಿದರು. ಅಜ್ಜಿಯ ಹೆಸರು ಹೇಳಬಲ್ಲ ಮೊಮ್ಮಕ್ಕಳು ಪ್ಯಾರಿಸ್‌ಗೆ ಹೋಗಿದ್ದರು. ಅಲ್ಲಿಂದ ಸಂಗ್ರಹಾಲಯಗಳಲ್ಲಿ ‘ಅಪರಿಚಿತ ಮಹಿಳೆ’ಯರ ಸಂಖ್ಯೆ ಬೆಳೆಯಿತು.

ಆ ಐದು ಸಂಪುಟಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದು ಬೇರೆ ಮಾತು. ಮನೆಯವರು ಹೇಳಿದ ಹೆಸರೇ ಎಷ್ಟೋ ಕಡೆ ಹೆಸರು.

ಹೊಂಗೆ ನೆರಳು:
ಇಷ್ಟೆಲ್ಲ ಓದಿದ ಮೇಲೂ ಒಂದು ಮಾತು ಹೇಳುತ್ತೇನೆ. ಮೂವತ್ತೆಂಟು ಜನರನ್ನು ಕೊಂದವಳಿಗೆ ಮುಖ ಇಲ್ಲ ಎಂಬುದು ನನಗೆ ಸಮಾಧಾನ ಕೊಡುತ್ತಿಲ್ಲ. ಓದುಗರು ಮುಖ ಕೇಳುತ್ತಾರೆ.

ಕಡತಪ್ರಿಯ:
ಕೊಂದವಳಿಗೂ ಇಲ್ಲ, ಸತ್ತ ಮೂವತ್ತೆಂಟು ಜನರಿಗೂ ಇಲ್ಲ. ಅವರಲ್ಲಿ ಹೆಚ್ಚಿನವರು ನೆಲ ಒರೆಸುವ, ಬಟ್ಟೆ ಒಗೆಯುವ ಹೆಣ್ಣುಮಕ್ಕಳು. ಅವರ ಹೆಸರುಗಳು ತನಿಖೆಯ ಕಡತದಲ್ಲಿವೆ. ಮುಖದ ಜಾಗದಲ್ಲಿ ಆ ಹೆಸರುಗಳನ್ನು ಅಚ್ಚು ಹಾಕಿದರೂ ಆಗುತ್ತದೆ, ಆದರೆ ಅದಕ್ಕೆ ಯಾವ ವಿಡಿಯೊದವರೂ ಒಪ್ಪುವುದಿಲ್ಲ.

ರಜೆಯ ಓದುಗ:
ಮಧ್ಯೆ ಒಂದು ಸ್ವಂತದ ಪ್ರಶ್ನೆ. ನನ್ನ ಪರಿಚಯದವರೊಬ್ಬರಿಗೆ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ‘ಹದಿನೆಂಟನೆಯ ಶತಮಾನದ ರಷ್ಯದ ಕುಲೀನೆ, ಲೆವಿತ್ಸ್ಕಿಯ ವಲಯ’ ಎಂದು ಒಂದು ತೈಲಚಿತ್ರ ತೋರಿಸುತ್ತಿದ್ದಾರೆ. ಬೆಲೆ ಬೆಚ್ಚಿಬೀಳಿಸುವಷ್ಟಿದೆ. ಏನು ನೋಡಬೇಕು?

ಎಣ್ಣೆಬಣ್ಣ:
‘ವಲಯ’ ಎಂಬ ಪದವನ್ನು ನೋಡಬೇಕು. ಹರಾಜಿನವರ ಭಾಷೆಯಲ್ಲಿ ಬರೀ ‘ಲೆವಿತ್ಸ್ಕಿ’ ಎಂದರೆ ಅವನೇ ಬರೆದದ್ದು ಎಂದು ಅವರು ನಿಲ್ಲುತ್ತಾರೆ. ‘ಲೆವಿತ್ಸ್ಕಿಯದು ಎನ್ನಲಾಗಿದೆ’ ಎಂದರೆ ಒಂದು ಹೆಜ್ಜೆ ಹಿಂದೆ. ‘ವಲಯ’ ಎಂದರೆ ಅವನ ಹತ್ತಿರದ ಯಾರೋ. ‘ಶೈಲಿಯಲ್ಲಿ’ ಎಂದರೆ ಯಾರು ಬೇಕಾದರೂ, ಯಾವಾಗ ಬೇಕಾದರೂ. ಬೆಲೆ ಮೊದಲನೆಯ ಪದಕ್ಕೆ, ಹೊಣೆ ಕೊನೆಯ ಪದಕ್ಕೆ ಎಂಬಂತೆ ಮಾರುವವರೂ ಇದ್ದಾರೆ.

ಹಿಂಬದಿಯ ಫೋಟೊ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ಕ್ಯಾನ್ವಾಸಿಗೆ ಹೊಸ ಬಟ್ಟೆ ಅಂಟಿಸಿದ್ದರೆ ಹಳೆಯ ಬರಹ ಒಳಗೆ ಹುಗಿದಿರಬಹುದು, ಇಲ್ಲದ್ದನ್ನು ಇದೆ ಎನ್ನಲೂ ಅದು ಅನುಕೂಲ. ಸಹಿ ಇದ್ದರೆ ವಾರ್ನಿಷ್‌ನ ಮೇಲಿದೆಯೇ ಕೆಳಗಿದೆಯೇ, ಬಣ್ಣದ ಬಿರುಕುಗಳ ಒಳಕ್ಕೆ ಅಕ್ಷರದ ಮಸಿ ಇಳಿದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಇಳಿದಿದ್ದರೆ ಬಿರುಕು ಬಿಟ್ಟ ಮೇಲೆ ಬರೆದ ಸಹಿ ಅದು. ಬಣ್ಣದ ಪರೀಕ್ಷೆಗೆ ಒಪ್ಪಿದರೆ ಒಳ್ಳೆಯದು. ಪ್ರಷ್ಯನ್ ನೀಲಿ ಸಿಕ್ಕರೆ ತೊಂದರೆಯಿಲ್ಲ, ಅದು ಆ ಶತಮಾನದ ಆರಂಭದಿಂದಲೂ ಇದೆ. ಮೂಲ ಪದರದಲ್ಲೇ ಕೋಬಾಲ್ಟ್ ನೀಲಿ ಸಿಕ್ಕರೆ ಅದು ಹದಿನೆಂಟನೆಯ ಶತಮಾನದ್ದಲ್ಲ, ಆ ಬಣ್ಣ ತಯಾರಾದದ್ದು 1802ರಲ್ಲಿ. ಟೈಟೇನಿಯಂ ಬಿಳಿ ಸಿಕ್ಕರೆ ಅದು ಇಪ್ಪತ್ತನೆಯ ಶತಮಾನದ ಕೆಲಸ. ಆದರೆ ನಂತರದ ರಿಪೇರಿಯಲ್ಲಿ ಹಚ್ಚಿದ್ದೂ ಆಗಿರಬಹುದು, ಆದ್ದರಿಂದ ಎಲ್ಲಿಂದ ಚೂರು ತೆಗೆದರು ಎಂಬುದು ಮುಖ್ಯ.

ರಷ್ಯನ್ ಚಿತ್ರಗಳಿಗೆ ಬೇಡಿಕೆ ಏರಿದಾಗ ಪಶ್ಚಿಮ ಯುರೋಪಿನ ಕಡಿಮೆ ಬೆಲೆಯ ಚಿತ್ರಗಳಿಗೆ ರಷ್ಯನ್ ಸಹಿ ಹಾಕಿ ಮಾರಿದ್ದೂ ಉಂಟು. 2004ರಲ್ಲಿ ಹರಾಜು ಸಂಸ್ಥೆ ಸಾದಬೀಸ್, ರಷ್ಯದ ಶೀಶ್ಕಿನ್ ಬರೆದದ್ದು ಎಂದು ಇಟ್ಟಿದ್ದ ನಿಸರ್ಗಚಿತ್ರವನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆಯಿತು. ಅದು ಮೂಲತಃ ಡಚ್ ಕಲಾವಿದ ಮರೀನಸ್ ಕೂಕೂಕ್‌ನದು. ಅಂಥ ಸಂಸ್ಥೆಗೇ ಆದದ್ದು ನಿಮ್ಮ ಪರಿಚಯದವರಿಗೆ ಆಗಬಾರದೆಂದೇನೂ ಇಲ್ಲ.

ರಜೆಯ ಓದುಗ:
ಹಿಂಬದಿಯ ಫೋಟೊ ಕೇಳಿಸಿದೆ. ‘ಚೌಕಟ್ಟು ಬಿಚ್ಚಲು ಬರುವುದಿಲ್ಲ’ ಎಂದರಂತೆ.

ಎಣ್ಣೆಬಣ್ಣ:
ಉತ್ತರ ಸಿಕ್ಕಿತಲ್ಲ.

ಮಸಿಕುಡಿಕೆ:
ನನ್ನ ಪತ್ರಿಕೆಗೆ ಮರಳುತ್ತೇನೆ. ಲೇಖಕರಿಗೆ ಫೋನ್ ಮಾಡಿದೆ. ಚಿತ್ರದ ವರ್ಣನೆಯ ಪ್ಯಾರಾ ತೆಗೆಯಲು ಮೊದಲು ಒಪ್ಪಲಿಲ್ಲ, ‘ಓದುಗರಿಗೆ ಪರಿಣಾಮ ಬೇಕು’ ಎಂದರು. ಎಣ್ಣೆಬಣ್ಣದವರ ಪ್ಯಾರಿಸ್ ವಿವರ ಓದಿ ಹೇಳಿದ ಮೇಲೆ ಒಪ್ಪಿದ್ದಾರೆ. ಈಗ ಪುಟದಲ್ಲಿ ಖಾಲಿ ಜಾಗವಿದೆ. ಏನು ಹಾಕಲಿ?

ಕಡತಪ್ರಿಯ:
ಜೀತಪದ್ಧತಿ 1861ರಲ್ಲಿ ರದ್ದಾಯಿತು. ಅದರ ಐವತ್ತನೆಯ ವರ್ಷಕ್ಕೆ, 1911ರಲ್ಲಿ, ‘ಮಹಾ ಸುಧಾರಣೆ’ ಎಂಬ ಸಂಪುಟಗಳು ಬಂದವು. ಅದರಲ್ಲಿ ಕುರ್ದ್ಯೂಮೊವ್ ಬರೆದ ಸಾಲ್ತಿಚಿಖಾಳ ದೃಶ್ಯಚಿತ್ರ ಇದೆ. ಅವಳು ಸತ್ತು ನೂರು ವರ್ಷ ಕಳೆದ ಮೇಲೆ ಕಲ್ಪಿಸಿ ಬರೆದದ್ದು. ಅದನ್ನು ಹಾಕಿ, ಕಲ್ಪನೆಯ ಚಿತ್ರ ಎಂದು ಸ್ಪಷ್ಟವಾಗಿ ಬರೆಯಿರಿ.

ಮಸಿಕುಡಿಕೆ:
ಅಡಿಬರಹ ಹೀಗಿದ್ದರೆ ಸರಿಯೇ? ‘ಸಾಲ್ತಿಚಿಖಾ: ಕುರ್ದ್ಯೂಮೊವ್ ಕಲ್ಪನೆಯಲ್ಲಿ, 1911. ಅವಳ ಕಾಲದ ಅಧಿಕೃತ ಭಾವಚಿತ್ರ ಯಾವುದೂ ತಿಳಿದಿಲ್ಲ. ಅಂತರ್ಜಾಲದಲ್ಲಿ ಅವಳದೆಂದು ಹರಿದಾಡುವುದು ಕೌಂಟೆಸ್ ದಾರ್ಯಾ ಪೆತ್ರೋವ್ನಾ ಚೆರ್ನಿಶೇವಾಳ ಚಿತ್ರ, ದ್ರುವೆ, 1762.’

ಎಣ್ಣೆಬಣ್ಣ:
ಚೆನ್ನಾಗಿದೆ. ‘ಚೆರ್ನಿಶೇವಾ, ಮದುವೆಯ ನಂತರ ಸಾಲ್ತಿಕೋವಾ’ ಎಂದು ಮಾಡಿ. ಇಲ್ಲವಾದರೆ ಓದುಗರು ಎರಡೂ ಚಿತ್ರಗಳನ್ನು ಬೇರೆಯೇ ಎಂದುಕೊಂಡು ವಿಡಿಯೊ ಕೆಳಗೆ ನಮ್ಮನ್ನೇ ತಿದ್ದಲು ಬರುತ್ತಾರೆ.

ಮಾಸ್ಕೋ ಮಳೆ:
ವಿಡಿಯೊದವರಿಗೂ ಯಾರಾದರೂ ಹೇಳಬೇಕಲ್ಲ?

ಹೊಂಗೆ ನೆರಳು:
ನಾನು ನಿನ್ನೆಯೇ ಅಲ್ಲಿ ಬರೆದೆ, ಎರಡೂ ದಾರ್ಯಾಗಳ ಪಿತೃನಾಮ ಸಮೇತ, ಪ್ಯಾರಿಸ್ ಸಮೇತ. ವಿಡಿಯೊ ಮಾಡಿದವರು ಅದಕ್ಕೊಂದು ಕೆಂಪು ಹೃದಯ ಒತ್ತಿದ್ದಾರೆ. ಚಿತ್ರ ಹಾಗೇ ಇದೆ.